ಅಡುಗೆಮನೆ ಬಾಗಿಲಿನ ಕೆಮ್ಮು

ಅಪಾ,

ಕಾರಾ-ಬಾಲ್ತಾದಿಂದ ಅತ್ತೆಯವರಿಗೆ ನಿಮ್ಮ ಸೊಸೆ ಬರೆಯುವುದು. ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಎಲ್ಲರೂ ಕ್ಷೇಮವೇ, ನಾನೊಬ್ಬಳೇ ಅಲ್ಲ. ಬೆಳಿಗ್ಗೆಯಿಂದ ಮೂರು ಸಲ ಒಲೆ ಮುಂದೆ ನಿಂತೆ, ಮೂರು ಸಲವೂ ಯಾಕೆ ಬಂದೆ ಎಂಬುದು ಮರೆತು ಹಿತ್ತಲಿಗೆ ಹೋದೆ. ಹೊಲಿಯಲು ಕೂತರೆ ದಾರ ಕಿತ್ತುಹೋಗುತ್ತದೆ. ನಿಮ್ಮ ಮಗ, "ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಒಂದು ಕಡೆ ಕೂತ್ಕೋ ಮಾರಾಯ್ತಿ" ಅಂದರು. ಕೂತೆ. ಕೂತು ಇದನ್ನು ಬರೆಯುತ್ತಿದ್ದೇನೆ.

ನೀವು ನರೀನಿಗೆ ಮಗಳ ಮನೆಗೆ ಹೋಗಿ ಇಪ್ಪತ್ತಾರು ದಿನವಾಯಿತು. ಚಳಿಗಾಲವನ್ನೂ ಅಲ್ಲೇ ಕಳೆಯುತ್ತೇನೆ ಎಂದು ಹೇಳಿಕಳಿಸಿದ್ದೀರಿ. ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ ಎಂದು ನೀವೇ ಬೈಯುತ್ತಿದ್ದ ಊರು ಅದು. ಯಾಕೆ ಹೋದಿರಿ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಚಹಾ ಬಟ್ಟಲನ್ನು ನಾನು ಬೇರೆ ಇಟ್ಟೆ.

ಅದಕ್ಕೆ ಬರುತ್ತೇನೆ. ಮೊದಲು ಒಂಬತ್ತು ವರ್ಷ ಹಳೆಯದೊಂದು ಮಾತು ಹೊರಗೆ ಬರಬೇಕು. ಅದು ಒಳಗೇ ಕೂತು ನನ್ನನ್ನು ಎಲ್ಲೂ ಕೂರಲು ಬಿಟ್ಟಿಲ್ಲ.

ಆಗ ನಾನು ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಗೆ ದಿನಾ ವ್ಯಾನಿನಲ್ಲಿ ಹೋಗಿ ಬರುತ್ತಿದ್ದೆನಲ್ಲ, ಆ ವಸಂತದಲ್ಲಿ "ಅರ್ಜೆಂಟ್ ಆರ್ಡರ್ ಇದೆ, ನಾಲ್ಕು ದಿನ ಮನೆಗೆ ಬರೋದು ತಡವಾಗುತ್ತೆ" ಎಂದು ನಿಮಗೆ ಹೇಳಿದ್ದೆ. ಸುಳ್ಳು. ಪಕ್ಕದ ಮಿಷನ್ನಿನ ರಹಾತ್ ನನ್ನನ್ನು ವ್ಯಕ್ತಿತ್ವ ವಿಕಸನದ ತರಬೇತಿಗೆ ಎಳೆದುಕೊಂಡು ಹೋಗಿದ್ದಳು. "ನಾಲ್ಕೇ ದಿನ ಕಣೇ, ಆಮೇಲೆ ನೀನು ನೀನಾಗಿರಲ್ಲ" ಅಂದಿದ್ದಳು. ಅವಳ ಬಾಯಿಗೆ ಸಕ್ಕರೆ ಹಾಕಬೇಕೋ ಮಣ್ಣು ಹಾಕಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಹಳೇ ಸಿನಿಮಾ ಮಂದಿರದ ಮಹಡಿ. ಕಿಟಕಿಗೆಲ್ಲ ದಪ್ಪ ಪರದೆ. ಬಾಗಿಲಲ್ಲೇ ಗಡಿಯಾರ ಬಿಚ್ಚಿಸಿಕೊಂಡರು. ತರಬೇತಿ ಕೊಡುವವನ ಹೆಸರು ಡಾಮಿರ್. ಬಿಳಿ ಬೂಟು, ಒಂದು ನಿಮಿಷ ನಿಂತಲ್ಲಿ ನಿಲ್ಲುವವನಲ್ಲ. ನಲವತ್ತು ಜನರ ಮುಖದ ಹತ್ತಿರ ಮುಖ ತಂದು ಕೇಳುತ್ತಿದ್ದ: "ನಿನ್ನ ಬದುಕು ಅನ್ನೋ ವ್ಯಾನಿಗೆ ನೀನು ಡ್ರೈವರಾ, ಇಲ್ಲಾ ಹಿಂದುಗಡೆ ಹಾಕಿರೋ ಮೂಟೆನಾ?" ಮದುವೆಯಾಗಿ ಹದಿನಾಲ್ಕು ವರ್ಷ ನಾನು ಮೂಟೆ ಎಂದು ನನಗೆ ಆ ಕ್ಷಣ ಅನ್ನಿಸಿ, ಎಲ್ಲರೆದುರು ಗೊಳೋ ಎಂದು ಅತ್ತೆ. ಜನ ಚಪ್ಪಾಳೆ ತಟ್ಟಿದರು. ಅತ್ತಿದ್ದಕ್ಕೆ ಚಪ್ಪಾಳೆ ಸಿಕ್ಕಿದ್ದು ಜನ್ಮದಲ್ಲಿ ಅದೇ ಮೊದಲು. ಚೆನ್ನಾಗಿಯೇ ಇತ್ತು.

ಮೂರನೇ ದಿನ ಟೆಲಿಫೋನು ತಂದರು. ಯಾರನ್ನು ಕಂಡರೆ ಭಯವೋ ಅವರಿಗೆ ಫೋನ್ ಮಾಡಬೇಕು, ಇಡೀ ಹಾಲಿಗೆ ಕೇಳಿಸಬೇಕು, ಮತ್ತೆ ಹೆಸರು ಹಿಡಿದೇ ಮಾತಾಡಬೇಕು. "ಅಪಾ, ಅಣ್ಣಾ, ಸಾಹೇಬ್ರೇ, ಇವೆಲ್ಲ ನೀವು ಬಚ್ಚಿಟ್ಕೊಳ್ಳೋ ಪರದೆಗಳು. ಹೆಸರು ಹೇಳಿದರೆ ಭಯ ಸಾಯುತ್ತೆ" ಅಂದ ಡಾಮಿರ್. ಪಟ್ಟಣದವರು ಸಲೀಸಾಗಿ ಮಾಡಿದರು. ನನ್ನ ಸರದಿ ಬಂತು. ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರಬಾರದು ಎಂದು ಮದುವೆಯ ದಿನ ತಲೆಗೆ ಬಿಳಿ ವಸ್ತ್ರ ಕಟ್ಟುವಾಗಲೇ ಹೇಳಿಕೊಟ್ಟಿದ್ದರಲ್ಲ. ಆಚೆ ಬೀದಿಯ ಅಜ್ಜಿಗೂ ನಿಮ್ಮದೇ ಹೆಸರೆಂದು ನಾನು ಅವರನ್ನೂ "ನೀಲಿ ಕಿಟಕಿ ಮನೆಯವರು" ಎಂದೇ ಕರೆದವಳು. ಅಂಥವಳು ಆವತ್ತು ನಲವತ್ತು ಜನ ಅಪರಿಚಿತರ ಮುಂದೆ, ಗಂಟಲು ಹರಿಯುವ ಹಾಗೆ ನಿಮ್ಮ ಹೆಸರು ಹಿಡಿದು ಕೂಗಿದೆ.

ಮುಂದಿನದನ್ನೂ ಬರೆಯುತ್ತೇನೆ, ಒಂದಕ್ಷರ ಬಿಡುವುದಿಲ್ಲ. "ನಿನ್ನನ್ನು ಕಂಡರೆ ನನಗೆ ಹದಿನಾಲ್ಕು ವರ್ಷದಿಂದ ಭಯ. ಆ ಮೆತ್ತನೆ ಬೂಟು ಹಾಕ್ಕೊಂಡು ಸದ್ದಿಲ್ಲದೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ್ಕೋತೀಯಲ್ಲ, ಯಾವಾಗ ಬಂದೆ ಅಂತಾನೇ ಗೊತ್ತಾಗಲ್ಲ, ನನ್ನ ಕೈಯಲ್ಲಿ ಚಾಕು ನಡುಗುತ್ತೆ. ಇನ್ನು ನಾನು ಹೆದರಲ್ಲ." ನಿಮ್ಮನ್ನು ಏಕವಚನದಲ್ಲಿ ಮಾತಾಡಿಸಿದೆ, ಅಪಾ. ಅದಕ್ಕೂ ಡಾಮಿರ್ ತಲೆಯಾಡಿಸಿದ.

ಆ ಕಡೆ ನಿಮ್ಮ ಉಸಿರು ಕೇಳಿಸುತ್ತಿತ್ತು. ಆಮೇಲೆ, "ತಪ್ಪು ನಂಬರ್ ಇರ್ಬೇಕಮ್ಮ. ನಮ್ಮ ಮನೇಲಿರೋದು ನಮ್ಮ ಸೊಸೆ, ಅವಳು ಕೆಲಸಕ್ಕೆ ಹೋಗಿದಾಳೆ. ನಿನ್ನ ದನಿ ತುಂಬ ಸುಸ್ತಾಗಿದೆ, ಮೊದಲು ಏನಾದ್ರೂ ತಿನ್ನು" ಅಂದಿರಿ. ಫೋನ್ ಇಟ್ಟಿರಿ.

ಹಾಲಿನ ತುಂಬ ಚಪ್ಪಾಳೆ. ಸಂಜೆ ಮನೆಗೆ ಬಂದಾಗ ನೀವು ಲಗಮಾನ್ ಶಾವಿಗೆಗೆ ಹಿಟ್ಟು ಎಳೆಯುತ್ತಿದ್ದಿರಿ. "ಬಂದ್ಯಾ, ಕೈ ತೊಳ್ಕೋ" ಅಂದಿರಿ, ಅಷ್ಟೆ. ನಿಮಗೆ ನನ್ನ ದನಿ ಗೊತ್ತಾಗಲಿಲ್ಲ ಎಂದುಕೊಂಡೆ. ಗೊತ್ತಾಗುವುದಾದರೂ ಹೇಗೆ, ಆ ದನಿಯಲ್ಲಿ ನಾನು ನಿಮ್ಮ ಹತ್ತಿರ ಯಾವತ್ತೂ ಮಾತಾಡಿದವಳಲ್ಲ. ಬಚಾವಾದೆ ಅನ್ನಿಸಿತು. ಅಷ್ಟರಲ್ಲೇ ಇನ್ನೊಂದು ಅನುಮಾನ ಮೆಟ್ಟಿಕೊಂಡಿತು: ಗೊತ್ತಾಗಿದ್ದರೆ? ಒಂಬತ್ತು ವರ್ಷ ನಿಮ್ಮ ಮುಖ ನೋಡುತ್ತ ಅದನ್ನೇ ಹುಡುಕಿದೆ. ನೀವು ಸಿಟ್ಟಾದರೆ ಗೊತ್ತಾಗಿದೆ ಅನ್ನಿಸುತ್ತಿತ್ತು, ನಕ್ಕರೂ ಅನ್ನಿಸುತ್ತಿತ್ತು.

ಆ ತರಬೇತಿಯಿಂದ ನನಗೆ ಒಳ್ಳೆಯದೇ ಆಗಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಕಾರ್ಖಾನೆ ಬಿಟ್ಟೆ, ಮುಂದಿನ ಕೋಣೆಯಲ್ಲಿ ಸ್ವಂತ ಹೊಲಿಗೆ ಮೇಜು ಹಾಕಿದೆ, ಇವತ್ತು ನಾಲ್ಕು ಹೆಂಗಸರು ನನ್ನ ಕೈಕೆಳಗೆ ಹೊಲಿಯುತ್ತಾರೆ. ಆದರೆ ಆ ಡಾಮಿರ್ ನನ್ನ ತಲೆಯಿಂದ ಇಳಿದೇ ಇಲ್ಲ. ಬ್ರೆಡ್ಡು ಕೊಯ್ಯುವಾಗ, ಗುಂಡಿ ಹೊಲಿಯುವಾಗ, ಹೆಣ ನೋಡಲು ಹೋದಾಗಲೂ "ಡ್ರೈವರಾ, ಮೂಟೆನಾ?" ಎಂದು ಕೇಳುತ್ತಾನೆ. ಈ ವ್ಯಾನಿನಲ್ಲಿ ಬೇರೆ ಯಾರು ಕೂತಿದ್ದಾರೆ ಎಂದು ಮಾತ್ರ ಅವನೂ ಕೇಳಲಿಲ್ಲ, ನಾನೂ ತಿರುಗಿ ನೋಡಲಿಲ್ಲ.

ನಿಮಗೆ ಕೆಮ್ಮು ಶುರುವಾದದ್ದು ಆ ವಾರವೇ. ಎರಡು ಸಲ ಸಣ್ಣಗೆ ಕೆಮ್ಮಿ ಅಡುಗೆಮನೆಗೆ ಬರುತ್ತಿದ್ದಿರಿ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸು ನಿಮ್ಮ ಹೆಸರು ಕೇಳಿದಳು, ನಾನು "ನಮ್ಮ ಅತ್ತೆ" ಎಂದಷ್ಟೇ ಅಂದೆ. "ಹೆಸರಿಲ್ಲದೆ ಎಕ್ಸ್‌ರೇ ತೆಗಿಯಕ್ಕಾಗಲ್ಲ ತಾಯಿ" ಎಂದು ಅವಳು ರೇಗಿದಳು. ನೀವೇ ಹೇಳಿದಿರಿ, ಹೇಳಿ ನನ್ನ ಮುಖ ನೋಡಿ ಸ್ವಲ್ಪ ನಕ್ಕಿರಿ. ಎದೆಯಲ್ಲಿ ಏನೂ ಇರಲಿಲ್ಲ. ಮಾರನೇ ವರ್ಷವೂ ತೆಗೆಸಿದೆ, ಏನೂ ಇರಲಿಲ್ಲ.

ಈಗ ಬಟ್ಟಲಿನ ಮಾತು. ನಮ್ಮ ಮಗ ಎರ್ಮೆಕ್‌ನ ಹೆಂಡತಿ ಐಪೆರಿ ಬಸುರಿ ಎಂದು ಗೊತ್ತಾದ ದಿನ ನನಗೆ ತಲೆ ಕೆಟ್ಟಿತು. ಹುಟ್ಟುವ ಮೊಮ್ಮಗುವಿಗೆ ನಿಮ್ಮ ಕೆಮ್ಮು ತಗುಲೀತು ಎಂದು ಹೆದರಿದೆ. ಎರಡು ಸಲ ಎದೆಯಲ್ಲಿ ಏನೂ ಇಲ್ಲ ಎಂದು ಬರೆದುಕೊಟ್ಟ ಡಾಕ್ಟರನ್ನು ನಂಬದೆ, ಮೂಟೆಯಾಗಬೇಡ ಎಂದು ಕೆಣಕುವ ಒಳಗಿನ ಡಾಮಿರ್‌ನನ್ನು ನಂಬಿದೆ. "ಅಪಾ, ಇನ್ನು ಇದು ನಿಮ್ಮ ಬಟ್ಟಲು, ಉಳಿದವನ್ನ ಮುಟ್ಬೇಡಿ" ಎಂದು ಎಲ್ಲರೆದುರು ಹೇಳಿದೆ. ನೀವು ಬಟ್ಟಲನ್ನು ತಿರುಗಿಸಿ ನೋಡಿ, "ಹೂವು ಚೆನ್ನಾಗಿದೆ" ಅಂದಿರಿ. ಒಂಬತ್ತನೇ ದಿನ ಅದನ್ನು ಟವಲಿನಲ್ಲಿ ಸುತ್ತಿಕೊಂಡು ನರೀನಿಗೆ ಹೊರಟಿರಿ.

ಮೊನ್ನೆ ನಿಮ್ಮ ಮಗಳು ಫೋನ್ ಮಾಡಿ ಝಾಡಿಸಿದರು. "ಯಾವ ಕೆಮ್ಮೇ ಅದು? ಬಂದಾಗಿಂದ ಅಮ್ಮ ಇಲ್ಲಿ ಒಂದು ಸಲಾನೂ ಕೆಮ್ಮಿಲ್ಲ. ಮನೆಯಿಂದ ಎತ್ತಿ ಹಾಕೋದಕ್ಕೆ ನೆಪ ಬೇಕಿತ್ತಾ ನಿಂಗೆ?" ನನಗೂ ರೇಗಿತು, ಫೋನ್ ಕುಕ್ಕಿದೆ. ಇಲ್ಲೇ ಕೆಮ್ಮುತ್ತಿದ್ದವರು ಅಲ್ಲಿ ಯಾಕೆ ಕೆಮ್ಮುವುದಿಲ್ಲ ಎಂದು ಮನೆಯೆಲ್ಲ ಸುತ್ತಿದೆ.

ನಿನ್ನೆ ಐಪೆರಿ ಈರುಳ್ಳಿ ಹೆಚ್ಚುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಹುಡುಗಿ ಬೆಚ್ಚಿಬಿದ್ದು ಬೆರಳು ಕೊಯ್ದುಕೊಂಡಳು. ಬೆರಳು ಬಾಯಲ್ಲಿಟ್ಟುಕೊಂಡೇ, "ಅಜ್ಜಿ ಆದ್ರೆ ಬಾಗಿಲ ಹತ್ರ ಕೆಮ್ಕೊಂಡು ಬರ್ತಿದ್ರು. ನೀವು ಸದ್ದೇ ಇಲ್ದೆ ಬಂದು ನಿಂತ್ಬಿಡ್ತೀರಿ, ಅತ್ತೆ" ಅಂದಳು.

ಅವಳ ಬೆರಳಿಗೆ ಬಟ್ಟೆ ಸುತ್ತುತ್ತ ನಾನು ಲೆಕ್ಕ ಹಾಕಿದೆ, ಅಪಾ. ನೀವು ಅಂಗಳದಲ್ಲಿ ಕೆಮ್ಮಿದ್ದು ನನಗೆ ನೆನಪಿಲ್ಲ. ಕಿಟಕಿ ಹತ್ತಿರ ಕೂತು ಪೇಪರ್ ಓದುವಾಗ ಕೆಮ್ಮಿದ್ದಿಲ್ಲ. ಅಡುಗೆಮನೆ ಬಾಗಿಲು ಒಂದೇ. ನಿಮಗೆ ನನ್ನ ದನಿ ಗೊತ್ತಾಗಿತ್ತು. ನಾನು ಎಸೆದ ಮಾತನ್ನು ನೀವು ಒಂಬತ್ತು ವರ್ಷ ದಿನಕ್ಕೆ ಹತ್ತು ಸಲ ಪಾಲಿಸಿದಿರಿ, ನನ್ನ ಕೈ ನಡುಗಬಾರದು ಎಂದು. ಆ ಕೆಮ್ಮಿಗೇ ನಾನು ನಿಮ್ಮ ಬಟ್ಟಲು ಬೇರೆ ಇಟ್ಟೆ. ಒಂದು ಮಾತು ಹೇಳಬಾರದಿತ್ತಾ ನೀವು? ಬೈಯಬಾರದಿತ್ತಾ?

ನನ್ನನ್ನು ಕ್ಷಮಿಸಿ ಎಂದು ಬರೆಯಲು ಕೂತವಳು, ಈಗ ನಿಮ್ಮ ಮೇಲೇ ಸಿಟ್ಟು ಮಾಡಿಕೊಂಡು ಅಳುತ್ತಿದ್ದೇನೆ. ಬನ್ನಿ ಅಪಾ. ಹಿಮ ಬಿದ್ದು ದಾರಿ ಕಟ್ಟುವ ಮೊದಲು ಬನ್ನಿ. ನಿಮ್ಮ ಬಟ್ಟಲು ಎಲ್ಲರ ಬಟ್ಟಲುಗಳ ನಡುವೆ ಇರುತ್ತದೆ, ಚಹಾ ನಾನೇ ಹಾಕುತ್ತೇನೆ, ಮೊದಲಿನ ಹಾಗೆ ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಕೇಳಿ ಗೌರವದಿಂದ ಹಾಕುವ ಹಾಗೆ. ಕೆಮ್ಮದೆ ಒಳಗೆ ಬನ್ನಿ. ಕೈ ನಡುಗಿದರೆ ನಡುಗಲಿ, ಚಾಕು ಕೆಳಗಿಟ್ಟು ತಿರುಗಿ ನೋಡುತ್ತೇನೆ.

ಪೋಸ್ಟಾಫೀಸಿನಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದವರು ನೀವು, ಮೇಲಿನ ಬರಹ ನೋಡಿಯೇ ಯಾರ ಕೈ ಎಂದು ಹೇಳುತ್ತಿದ್ದಿರಿ. ಲಕೋಟೆ ಮೇಲೆ ಹೆಸರು ತಾನೇ ಬರೆದುಕೊಡುತ್ತೇನೆ ಎಂದು ನಿಮ್ಮ ಮಗ ಪೆನ್ನು ಕೇಳಿದರು, ಸೊಸೆ ಆ ಹೆಸರು ಬರೆಯುವ ಹಾಗಿಲ್ಲವಲ್ಲ. ನಾನು ಕೊಡಲಿಲ್ಲ. ನನ್ನ ಕೈಯಿಂದಲೇ, ಮೆಲ್ಲಗೆ, ಪೂರ್ತಿಯಾಗಿ "ಕುಲಿಪಾ" ಎಂದು ಬರೆದಿದ್ದೇನೆ. ಈ ಸಲ ತಪ್ಪು ವಿಳಾಸ ಎಂದು ವಾಪಸು ಕಳಿಸಬೇಡಿ.

ನಿಮ್ಮ ಹೊಸಿಲ ಕಡೆ ಮುಖ ಮಾಡಿ ಮೂರು ಸಲ ಬಾಗಿದ್ದೇನೆ. ಅಲ್ಲಿಂದಲೇ ಒಮ್ಮೆ "ಬಾಳು ಮಗಳೇ" ಅನ್ನಿ.

ನಿಮ್ಮ ಸೊಸೆ,
ಅಸಿಲ್