ಪಾಪ ಬಿಟ್ಟವರ ಮನೆಯಿಂದ

ಫೆಬ್ರವರಿ ೧೧

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ವಂದನೆಗಳು. ಭಾವನವರ ಮಂಡಿನೋವು ಈಗ ಹೇಗಿದೆ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಹೊಲಿಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ರಾಶಿ ಬಿದ್ದಿತ್ತು, ದಿನವಿಡೀ ಗುಂಡಿಯ ಕಾಜಾ ಹೊಲಿದು ಬೆರಳು ಮಡಚಲು ಬರುತ್ತಿರಲಿಲ್ಲ ಎಂದು ಸಬೂಬು ಹೇಳಬಹುದು. ನಿಜ ಏನೆಂದರೆ, ಹೇಗೆ ಬರೆಯಬೇಕೆಂದೇ ತಿಳಿಯಲಿಲ್ಲ. ಫೋನಿನಲ್ಲಿ ಹೇಳುವ ಮಾತೂ ಅಲ್ಲ ಇದು.

ಮೊದಲು ಒಳ್ಳೆಯ ಸುದ್ದಿ. ಬರುವ ಭಾನುವಾರ ನಮ್ಮವರನ್ನು ನಮ್ಮ ಪ್ರಾರ್ಥನಾ ಸಭೆಯ ಹಿರಿಯರನ್ನಾಗಿ ನೇಮಿಸುತ್ತಾರೆ. ಟೈರ್ ಅಂಗಡಿಯ ಮೇಲೆ ಸಭೆ ನಡೆಯುವ ಆ ಕೋಣೆಗೆ ಅವರನ್ನು ಮೊದಲ ಸಲ ಇಬ್ಬರು ಕಂಕುಳಿಗೆ ಕೈ ಕೊಟ್ಟು ಹತ್ತಿಸಿದ್ದರು. ಆಗ ಅವರು ಹೇಗಿದ್ದರು ಎಂದು ನಿನಗೆ ಗೊತ್ತು. ಆ ದಿನ ಅತ್ತು, ಪಶ್ಚಾತ್ತಾಪಪಟ್ಟು ಇಳಿದು ಬಂದವರು ಈ ನಾಲ್ಕು ವರ್ಷ ಬಾಟಲಿ ಮುಟ್ಟಿಲ್ಲ, ನನ್ನ ಮೇಲೆ ದನಿ ಎತ್ತಿಲ್ಲ. ನಾನು ಸುಖವಾಗಿದ್ದೆ, ಅಕ್ಕ. ಅದನ್ನು ಮೊದಲೇ ಹೇಳಿಬಿಡಬೇಕು.

ನಿಜವಾಗಿ ಪಶ್ಚಾತ್ತಾಪಪಟ್ಟವನಲ್ಲಿ ಪಾಪ ಬೇರುಸಮೇತ ಕಿತ್ತುಹೋಗುತ್ತದೆ, ಮತ್ತೆ ಚಿಗುರುವುದಿಲ್ಲ ಎಂದು ನಮ್ಮ ಪಾಸ್ಟರ್ ಬೋಧಿಸುತ್ತಾರೆ. ಅದಕ್ಕೆ ಉದಾಹರಣೆ ಬೇಕಾದಾಗಲೆಲ್ಲ ನಮ್ಮವರ ಕಡೆ ಕೈ ತೋರಿಸುತ್ತಾರೆ. ಇವರು ಎದ್ದು ನಿಂತು, "ನಾಲ್ಕು ವರ್ಷದಿಂದ ನಾನು ಪಾಪ ಮಾಡಿಲ್ಲ, ದೇವರಿಗೆ ಸ್ತೋತ್ರ" ಎನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಂಗೈ ಉರಿಯುವಷ್ಟು ನಾನೂ ತಟ್ಟಿದ್ದೇನೆ.

ಆದರೆ ಒಂದು ವಿಚಿತ್ರ ನೋಡು. ಕುಡಿಯುತ್ತಿದ್ದ ಕಾಲದಲ್ಲಿ ಬೆಳಿಗ್ಗೆ ಎದ್ದರೆ ಅವರ ಮೊದಲ ಮಾತು "ತಪ್ಪಾಯ್ತು" ಎಂದೇ ಇರುತ್ತಿತ್ತು. ಪಾಪ ಬಿಟ್ಟ ಮೇಲೆ ಆ ಮಾತೂ ಬಿಟ್ಟುಹೋಯಿತು. ಹಾಲು ಒಲೆಯ ಮೇಲಿಟ್ಟು ಮರೆತರೂ "ಹಾಲು ಉಕ್ಕಿತು" ಎನ್ನುತ್ತಾರೆ, "ಉಕ್ಕಿಸಿದೆ" ಎನ್ನುವುದಿಲ್ಲ. ನಾನು ಒಳಗೊಳಗೇ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಬೇಕರಿಯಲ್ಲಿ ಇವರ ಜೊತೆ ಹಿಟ್ಟು ಕಲಸುವ ಒಬ್ಬರಿದ್ದಾರೆ. ಸದಾ ಸಿಳ್ಳೆ ಹಾಕುತ್ತಿರುತ್ತಾರೆಂದು ಎಲ್ಲರೂ ಸಿಳ್ಳೆ ಎಂದೇ ಕರೆಯುತ್ತಾರೆ. ಇವರನ್ನು ಅಣ್ಣ, ನನ್ನನ್ನು ಅತ್ತಿಗೆ ಎನ್ನುತ್ತಾರೆ. ಸಭೆಗೆ ಬರುವವರಲ್ಲ. "ಅಣ್ಣ ಸಂತರಾದ್ರು ಅತ್ತಿಗೆ, ಆದ್ರೂ ಬನ್ನಿಗೆ ಉಪ್ಪು ಹಾಕೋದು ಮರೀತಾರೆ" ಎಂದು ತಮಾಷೆ ಮಾಡುತ್ತಿದ್ದರು. ಕಳೆದ ತಿಂಗಳು ಕಲಸುವ ಮಷೀನಿಗೆ ಅವರ ಬಲಗೈ ಸಿಕ್ಕಿ ಎರಡು ಬೆರಳು ಹೋದವು.

ಆ ಮಷೀನಿನ ಬಾಯಿಗೆ ಕೈ ಹೋಗದಂತೆ ಒಂದು ಕಬ್ಬಿಣದ ಜಾಲರಿ ಇರುತ್ತದೆ. ಆ ಹೊತ್ತಿನಲ್ಲಿ ಅದು ಇರಲಿಲ್ಲ. ಮಾಲೀಕರು ಓಡಿ ಬರುವಷ್ಟರಲ್ಲಿ ಜಾಲರಿ ಅದರ ಜಾಗದಲ್ಲಿತ್ತು. ಕೈ ಒಳಗೆ ಹೇಗೆ ಹೋಯಿತು ಎಂದು ಕೇಳಿದಾಗ ನಮ್ಮವರು, "ನಾನು ಹಾಕಿದ್ದೆ. ಅವನೇ ಎತ್ತಿ ಕೈ ಹಾಕಿರಬೇಕು" ಎಂದರಂತೆ. ಸುಳ್ಳೇ ಹೇಳದ ಮನುಷ್ಯನ ಮಾತಿಗೆ ಎದುರುಂಟೇ? ನಿಯಮ ಮೀರಿ ಕೈ ಹಾಕಿದವನೆಂದು ಸಿಳ್ಳೆಯನ್ನು ಕೆಲಸದಿಂದ ತೆಗೆದರು.

ಅಕ್ಕ, ಆ ಮಧ್ಯಾಹ್ನ ಇವರಿಗೆ ಊಟದ ಡಬ್ಬಿ ಕೊಡಲು ನಾನು ಬೇಕರಿಗೆ ಹೋಗಿದ್ದೆ. ಜಾಲರಿ ಮೈದಾ ಮೂಟೆಯ ಮೇಲಿತ್ತು, ನೀರು ತೊಟ್ಟಿಕ್ಕುತ್ತಿತ್ತು. "ಇದೇನಿದು ಇಲ್ಲಿ?" ಎಂದೆ. "ತೊಳೆದಿದ್ದೀನಿ, ಒಣಗಲಿ" ಎಂದರು. ನಾನು ಅಂಗಡಿಗೆ ವಾಪಸು ಬಂದು ಮೂರು ಅಂಗಿಗೆ ಗುಂಡಿ ಹಾಕಿರಲಿಲ್ಲ, ಬೇಕರಿಯ ಕಡೆಯಿಂದ ಗಲಾಟೆ ಕೇಳಿಸಿತು.

ಆಸ್ಪತ್ರೆಗೆ ನೋಡಲು ಹೋದಾಗ ಸಿಳ್ಳೆ ಏನೆಂದರು ಗೊತ್ತೇ? "ನಾನು ಬಂದಾಗ ಜಾಲರಿ ಇರ್ಲಿಲ್ಲ ಅಂತಾನೇ ನೆನಪು ಅತ್ತಿಗೆ. ಆದ್ರೆ ಅಣ್ಣ ಸುಳ್ಳು ಹೇಳ್ತಾರಾ? ನನ್ನ ತಲೇನೇ ಕೆಟ್ಟಿರ್ಬೇಕು." ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದು ಇವರನ್ನು ಕೇಳಿದೆ. ತಟ್ಟೆಯ ಮುಂದೆ ಕೂತಿದ್ದರು.

"ಜಾಲರಿ ಮೂಟೆ ಮೇಲಿತ್ತು. ನಾನು ನೋಡಿದೆ."

"ಆಮೇಲೆ ಹಾಕಿದೆ."

"ಯಾವಾಗ?"

"ಹಾಕಿದೆ ಅಂದ್ನಲ್ಲ. ನನ್ನ ಬಾಯಲ್ಲಿ ಸುಳ್ಳು ಬರುತ್ತಾ? ಸುಳ್ಳು ಹೇಳೋನು ಸತ್ತು ನಾಲ್ಕು ವರ್ಷ ಆಯ್ತು."

ದನಿ ಏರಿರಲಿಲ್ಲ. ಆದರೆ ತಟ್ಟೆಯನ್ನು ಜೋರಾಗಿ ಆಚೆ ತಳ್ಳಿದರು. ನನಗೆ ಅರಿವಿಲ್ಲದೆಯೇ ನಾನು ಬಿಸಿ ಪಾತ್ರೆಯನ್ನು ಅವರ ಕೈಗೆ ಎಟುಕದಷ್ಟು ದೂರ ಸರಿಸಿದೆ. ಅವರು ಅದನ್ನು ನೋಡಿದರು.

ಪಾಸ್ಟರ್ ಬಳಿ ಹೋದೆ. ಕೆಟ್ಟವರಲ್ಲ ಅವರು, ಚರಂಡಿ ಪಕ್ಕ ಬಿದ್ದವರನ್ನು ತಾವೇ ಎತ್ತಿ ತಂದು ಸ್ನಾನ ಮಾಡಿಸುವವರು. ಹೆಸರು ಹೇಳದೆ, "ಪಶ್ಚಾತ್ತಾಪಪಟ್ಟವರು ಮತ್ತೆ ಪಾಪ ಮಾಡೋದು ಸಾಧ್ಯಾನಾ ಅಯ್ಯ?" ಎಂದು ಕೇಳಿದೆ. "ಸಾಧ್ಯ ಅಂದ್ರೆ ನಾನು ಕುಡುಕರಿಗೆ ಏನಂತ ಹೇಳ್ಲಮ್ಮ? ದೇವರು ನಿಮ್ಮನ್ನ ಅರ್ಧ ಮಾತ್ರ ಬಿಡಿಸ್ತಾನೆ, ಉಳಿದರ್ಧ ನೀವೇ ನೋಡ್ಕೊಳ್ಳಿ ಅಂತಲಾ? ಅನುಮಾನ ಮನೆಯೊಳಗೆ ಬಿಟ್ಕೋಬೇಡಿ. ನಿಮ್ಮ ಯಜಮಾನ್ರನ್ನ ನೋಡಿ ಎಷ್ಟೋ ಜನ ನಿಂತ್ಕೊಂಡಿದಾರೆ. ಅವರೊಬ್ರು ಬಿದ್ರೆ ಎಲ್ರೂ ಬೀಳ್ತಾರೆ" ಎಂದರು. ಯಾರ ವಿಷಯ ಎಂದು ಅವರಿಗೆ ಗೊತ್ತಾಗಿತ್ತು.

ನಾನು ಬಾಯಿ ಬಿಟ್ಟರೆ ಇವರು ಮತ್ತೆ ಕುಡಿತಕ್ಕೆ ಬಿದ್ದರೆ? ಬಿಡದಿದ್ದರೆ ಆ ಮನುಷ್ಯ ತನಗೆ ಹುಚ್ಚು ಹಿಡಿದಿದೆ ಎಂದೇ ನಂಬಿ ಬದುಕಬೇಕು. ಭಾನುವಾರ ಹತ್ತಿರ ಬರುತ್ತಿದೆ. ಬೇಗ ಬರೆ.

ಇತಿ ನಿನ್ನ,
ಪುಟ್ಟಿ


ಮಾರ್ಚ್ ೨೨

ಪ್ರೀತಿಯ ಅಕ್ಕನಿಗೆ,

ವಂದನೆಗಳು. ಮತ್ತೆ ತಡವಾಯಿತು, ಕ್ಷಮಿಸು. ನಿನ್ನ ಉತ್ತರ ಆ ಭಾನುವಾರಕ್ಕೆ ಮೊದಲೇ, ಶನಿವಾರ ಕೈ ಸೇರಿತ್ತು. "ದೇವರು ತಿದ್ದಿದವನು ಜಾರುವುದೇ ಇಲ್ಲ ಎಂದು ನಾನು ನಂಬುವುದಿಲ್ಲ ಪುಟ್ಟಿ, ಜಾರಿದಾಗ ಜಾರಿದೆ ಎನ್ನಲು ಅವನಿಗೆ ಧೈರ್ಯ ಬರುತ್ತದೆ, ಅಷ್ಟು ನಂಬುತ್ತೇನೆ" ಎಂದು ಬರೆದಿದ್ದೆಯಲ್ಲ, ಅದನ್ನು ಎಷ್ಟು ಸಲ ಓದಿದೆನೋ. ಓದಿ ಗಟ್ಟಿ ಮನಸ್ಸು ಮಾಡಿದೆ: ಇವರು ಹೇಳದಿದ್ದರೆ ನಾನು ಹೇಳುತ್ತೇನೆ.

ಭಾನುವಾರ ಕೋಣೆ ತುಂಬಿತ್ತು. ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ಶುರುವಾದಾಗಲೆಲ್ಲ ನೆಲ ಅದುರುತ್ತಿತ್ತು. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಸಿಳ್ಳೆ ಕೂತಿದ್ದರು. ಕೈಗೆ ಇನ್ನೂ ಬ್ಯಾಂಡೇಜಿತ್ತು. ಇವರೇ ಮನೆಗೆ ಹೋಗಿ ಕರೆದಿದ್ದರಂತೆ. ಯಾಕೆ ಕರೆದರೋ ನನಗೆ ಇವತ್ತಿಗೂ ತಿಳಿಯದು. ಅವರಿಗೂ ತಿಳಿದಂತಿಲ್ಲ.

ಪಾಸ್ಟರ್ ಹೆಸರು ಕರೆದರು. ಇವರು ಎದ್ದು ಜನರ ಕಡೆ ತಿರುಗಿದರು. "ನಾಲ್ಕು ವರ್ಷದಿಂದ ನಾನು…" ಎಂದರು. ಮುಂದಿನದು ಎಲ್ಲರಿಗೂ ಬಾಯಿಪಾಠ. ಮಾತು ಮುಗಿಯುವ ಮೊದಲೇ ಚಪ್ಪಾಳೆ ಬಿತ್ತು. ಪಾಪ, ಸಿಳ್ಳೆಯೂ ತಟ್ಟಲು ಕೈ ಎತ್ತಿದರು. ಬ್ಯಾಂಡೇಜು ನೋಡಿಕೊಂಡು, ಕೈ ಇಳಿಸಿ, ಎಡಗೈಯಿಂದ ತೊಡೆ ತಟ್ಟತೊಡಗಿದರು.

ಇವರ ಮಾತು ನಿಂತಿತು. ಚಪ್ಪಾಳೆಯೂ ನಿಂತಿತು. ನಾನು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಇವರೂ ನೋಡಿದರು. ಆ ನೋಟದಲ್ಲಿ ಕೋಪ ಇರಲಿಲ್ಲ ಅಕ್ಕ, ಬೇಡಿಕೆಯಿತ್ತು. ಸುಮ್ಮನಿರು ಎಂಬ ಬೇಡಿಕೆಯೋ, ಹೇಳಿಬಿಡು ಎಂಬ ಬೇಡಿಕೆಯೋ, ಗೊತ್ತಾಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ,

"ನೀನು ಕೂತ್ಕೋ. ನಾನೇ ಹೇಳ್ತೀನಿ" ಎಂದರು.

ಹೇಳಿದರು. "ಜಾಲರಿ ತೆಗ್ದಿದ್ದು ನಾನು. ತೊಳೆಯೋಕೆ ತೆಗ್ದೆ, ವಾಪಸ್ ಹಾಕ್ಲಿಲ್ಲ. ಅವನ ಕೈ ಸಿಕ್ಕಾಗ ಮೊದಲು ಮಷೀನು ನಿಲ್ಲಿಸ್ದೆ. ಆಮೇಲೆ ಅವನನ್ನ ಹಿಡ್ಕೊಳ್ಳೋ ಬದ್ಲು ಜಾಲರಿ ಹಾಕ್ದೆ."

ಪಾಸ್ಟರ್ ಹತ್ತಿರ ಬಂದು ಇವರ ಹೆಗಲ ಮೇಲೆ ಕೈಯಿಟ್ಟರು. "ಅದು ಮರೆವು. ಮರೆವು ಪಾಪ ಅಲ್ಲ" ಎಂದರು. ಅವರು ಇವರನ್ನು ಉಳಿಸಲು ನೋಡುತ್ತಿದ್ದರು. ಒಂದು ಹೂಂ ಎಂದಿದ್ದರೆ ಸಾಕಿತ್ತು.

"ಹಾಕ್ದೇ ಇದ್ದಿದ್ದು ಮರೆವು ಅಯ್ಯ. ಹಾಕಿದ್ದೆ ಅಂತ ಹೇಳಿದ್ದು ಮರೆವಲ್ಲ."

"ಹಾಗಾದ್ರೆ ನಾಲ್ಕು ವರ್ಷದ ಹಿಂದೆ ನೀನು ಇಲ್ಲಿ ಅತ್ತಿದ್ದು ಸುಳ್ಳಾ?" ಪಾಸ್ಟರ್ ದನಿ ಒಡೆದಿತ್ತು.

"ಅದೂ ನಿಜ. ಇದೂ ನಿಜ. ಎರಡೂ ಹೇಗೆ ನಿಜ ಅಂತ ನನಗೆ ಗೊತ್ತಿಲ್ಲ. ಪಾಪ ಮಾಡಲ್ಲ ಅಂತ ಹೇಳ್ತಾ ಹೇಳ್ತಾ, ಮಾಡಿದ್ರೆ ಹೇಳೋದು ಹೇಗೆ ಅನ್ನೋದೇ ಮರ್ತುಬಿಟ್ಟಿದ್ದೆ."

ಆಮೇಲೆ ಸಾಲುಗಳ ನಡುವೆ ನಡೆದು ಸಿಳ್ಳೆಯ ಮುಂದೆ ನಿಂತರು. "ತಪ್ಪಾಯ್ತು ಕಣೋ" ಎಂದರು. ಸಿಳ್ಳೆ ಅಪ್ಪಿಕೊಂಡರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. "ನನ್ನ ತಲೆ ಕೆಟ್ಟಿದೆ ಅಂತ ನಾನೇ ನಂಬಿದ್ದೆ ಅಣ್ಣ. ಬೆರಳು ಹೋಗಿದ್ದಕ್ಕಿಂತ ಅದಕ್ಕೇ ಹೆಚ್ಚು ಹೆದರಿದ್ದೆ" ಎಂದು, ಎದ್ದು ಮೆಟ್ಟಿಲಿಳಿದು ಹೋದರು.

ಮರುದಿನ ಇವರು ಮಾಲೀಕರ ಬಳಿ ಹೋಗಿ ಅದನ್ನೇ ಹೇಳಿದರು. ಇವರ ಕೆಲಸ ಹೋಯಿತು. ಸಿಳ್ಳೆಯನ್ನು ಅಂಗಡಿಯ ಮುಂಭಾಗದಲ್ಲಿ ಮಾರುವ ಕೆಲಸಕ್ಕೆ ಮತ್ತೆ ಸೇರಿಸಿಕೊಂಡರು. ಸಭೆಯಲ್ಲಿ ಹಿರಿಯರಾಗುವ ಮಾತು ಹಾಗಿರಲಿ, ಮೊದಲಿಂದ ಪಶ್ಚಾತ್ತಾಪಪಟ್ಟು ಹೊಸಬರ ಜೊತೆ ಕೂರಬೇಕು ಎಂದರು. ಇವರು ಹೋಗಿ ಹೊಸಬರ ಬೆಂಚಿನಲ್ಲೇ ಕೂರುತ್ತಾರೆ. ಕೆಲವರು ನಮ್ಮನ್ನು ಕಂಡರೆ ರಸ್ತೆ ದಾಟಿಬಿಡುತ್ತಾರೆ. ಹಾಡಿನ ಪುಸ್ತಕ ಹಂಚುವ ಅಜ್ಜಿ ಮಾತ್ರ ಮೊನ್ನೆ ನನ್ನನ್ನು ಮೂಲೆಗೆ ಎಳೆದು, "ನಾನೂ ದಿನಾ ಸೊಸೆಗೆ ಶಾಪ ಹಾಕ್ತೀನಮ್ಮ. ಹೇಳೋ ಹಾಗೇ ಇರ್ಲಿಲ್ಲ ನೋಡು. ನಿನ್ನ ಗಂಡ ಹೇಳಿದ ದಿನ ಹೊಟ್ಟೆ ತುಂಬ ಊಟ ಮಾಡ್ದೆ" ಎಂದರು. ನಗು ತಡೆಯಲಾಗಲಿಲ್ಲ.

ಭಯ ಹೋಗಿಲ್ಲ. ಒಂದು ಸಂಜೆ ಇವರು ಹೆಂಡದಂಗಡಿಯ ಎದುರು ನಿಂತಿದ್ದನ್ನು ನಾನೇ ಕಂಡೆ. ಕೂಗಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತೆ. ಕೊನೆಗೆ ತಿರುಗಿ ನಡೆದರು, ನನ್ನನ್ನು ನೋಡಿದರು. "ಇವತ್ತು ಹೇಗೋ ದಾಟ್ದೆ" ಎಂದರು, ಅಷ್ಟೇ. ಮೊದಲಾದರೆ "ನನಗೆ ಆ ಆಸೆಯೇ ಇಲ್ಲ" ಎನ್ನುತ್ತಿದ್ದರು. ಈಗ ತರಕಾರಿ ಮಂಡಿಯಲ್ಲಿ ಲಾರಿಯಿಂದ ಮೂಟೆ ಇಳಿಸುವ ಕೆಲಸಕ್ಕೆ ಹೋಗುತ್ತಿದ್ದಾರೆ.

ಪಾಸ್ಟರ್ ಹೇಳಿದ್ದು ಪೂರ್ತಿ ಸುಳ್ಳೆಂದು ನನಗೆ ಅನಿಸುವುದಿಲ್ಲ, ಅಕ್ಕ. ಆ ನಾಲ್ಕು ವರ್ಷವನ್ನು ದೇವರೇ ಕೊಟ್ಟ. ಆ ಭಾನುವಾರವನ್ನೂ ಅವನೇ ಕೊಟ್ಟ ಎಂದು ನನ್ನ ನಂಬಿಕೆ. ಪಾಸ್ಟರ್ ಇನ್ನೂ ಹಾಗೆ ಒಪ್ಪಿಲ್ಲ. ಮೊನ್ನೆ ಎದುರಾದಾಗ ತಲೆ ತಗ್ಗಿಸಿಕೊಂಡು ಹೋದರು, ಸೊರಗಿದ್ದಾರೆ.

ಮಕ್ಕಳನ್ನು ನನ್ನ ಪರವಾಗಿ ಮುದ್ದಿಸು. ದೇವರ ಕೈ ನಿಮ್ಮೆಲ್ಲರ ತಲೆಯ ಮೇಲಿರಲಿ. ನಮಗಾಗಿ ಪ್ರಾರ್ಥಿಸು, ನನಗಾಗಿ ಸ್ವಲ್ಪ ಹೆಚ್ಚಾಗಿಯೇ.

ಇತಿ ನಿನ್ನ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಐದು ವರ್ಷದ ಹಿಂದೆ ಜ್ವರ ಬಂದು ನನ್ನ ಎಡಗಿವಿ ಹೋಯಿತೆಂದು ನಿನಗೆ ಬರೆದಿದ್ದೆ. ಜ್ವರವಲ್ಲ, ಅಕ್ಕ. ಅವರ ಕೈ. ಕುಡಿದ ಮತ್ತಿನಲ್ಲಿ ಹೊಡೆದದ್ದು ಅವರಿಗೆ ಬೆಳಿಗ್ಗೆ ನೆನಪೇ ಇರಲಿಲ್ಲ. ಅವರಿಗೂ ಜ್ವರವೆಂದೇ ಹೇಳಿದೆ, ಸ್ವಲ್ಪ ದಿನಕ್ಕೆ ಕಿವಿ ಸರಿಹೋಯಿತು ಎಂದೂ ನಂಬಿಸಿದೆ. ಆಮೇಲೆ ಅವರು ಪಶ್ಚಾತ್ತಾಪಪಟ್ಟರು, ದೇವರು ಎಲ್ಲವನ್ನೂ ಕ್ಷಮಿಸಿದ ಎಂದರು. ಎಲ್ಲರೂ ಹಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ನಿನ್ನೆ ಸಂಜೆ ನಾನು ಒಣಗಿದ ಬಟ್ಟೆ ಮಡಚುತ್ತಿದ್ದಾಗ ಅವರು ಬಂದು ನನ್ನ ಎಡಗಡೆ ಕೂತರು. ತಲೆ ತಗ್ಗಿಸಿ, ಬಹಳ ಮೆಲ್ಲಗೆ, ಬಹಳ ಹೊತ್ತು ಏನೋ ಹೇಳಿದರು. ತುಟಿ ಅಲುಗುವುದು ಕಂಡಿತು. ದಿಂಬಿನ ಚೀಲದ ಮೇಲೆ ಕಣ್ಣೀರು ಬಿದ್ದದ್ದೂ ಕಂಡಿತು. ಒಂದು ಮಾತೂ ಕೇಳಿಸಲಿಲ್ಲ. ಮುಗಿಸಿ ನನ್ನ ಮುಖ ನೋಡುತ್ತ ಕಾದರು. ನಾನು ಮಡಚುತ್ತಲೇ ಇದ್ದೆ. ಅವರು ಎದ್ದು ಹೋದರು. ಇವಳು ಕ್ಷಮಿಸಲಿಲ್ಲ ಎಂದುಕೊಂಡರೇನೋ.

ಇನ್ನೊಮ್ಮೆ ಹೇಳಿ ಎಂದರೆ, ಯಾಕೆ ಎಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಅದನ್ನು ಹೊರುವ ಶಕ್ತಿ ಅವರಿಗೆ ಇದೆಯೋ ಇಲ್ಲವೋ. ನನಗೂ ಏನನ್ನು ಕ್ಷಮಿಸುತ್ತಿದ್ದೇನೆಂದು ಕಿವಿಯಾರೆ ಕೇಳಬೇಕು. ಅವರು ಕೆಲಸದಿಂದ ಬರುವ ಹೊತ್ತಾಯಿತು. ಇವತ್ತು ಅವರ ಕುರ್ಚಿಯನ್ನು ನನ್ನ ಬಲಗಡೆಗೆ ಎಳೆದು ಇಡುತ್ತೇನೆ.