ಜರಡಿ ಇಟ್ಟ ಮೊಮ್ಮಗನಿಗೆ

ಕಾಪು
ಸೆಪ್ಟೆಂಬರ್ ೧೦, ೨೦೨೫

ಕಲ್ಲೆದೆಯ ಜೋವಿನ್,

ಕಾಲ ಮೇಲೆ ಕಾಲು ಹಾಕಿ ಓದಬೇಡ, ನೆಟ್ಟಗೆ ಕೂರು. ಬೈಗುಳ ತಿನ್ನುವುದು ಉಂಟು. ಮೊದಲು ಹೇಳು, ಬೆನ್ನುನೋವು ಹೇಗುಂಟು? ಮಸ್ಕತ್ತಿನ ಬಿಸಿಲಿಗೆ ತಲೆಗೆ ಎಣ್ಣೆ ಹಾಕುತ್ತೀಯೋ, ಬೋಳಾಗಲಿ ಎಂದು ಕಾಯುತ್ತೀಯೋ? ನಾನು ಗಟ್ಟಿ ಇದ್ದೇನೆ.

ಹೋಗುವ ಮುಂಚೆ ನಮ್ಮ ಐಸ್ ಪ್ಲಾಂಟಿನಲ್ಲಿ ಅದೊಂದು ಲಾಗ್ ವ್ಯವಸ್ಥೆ ಕೂರಿಸಿದೆಯಲ್ಲ, ಯಂತ್ರಗಳು ಬರೆಯುವ ಸಾಲುಗಳನ್ನು ಒಟ್ಟು ಮಾಡಿ ನಿನಗೆ ಕಳಿಸುವಂಥದ್ದು. "ಇಲ್ಲಿ ಷರಾ ಅಂತ ಉಂಟಲ್ಲ ಅಜ್ಜಿ, ಇದರಲ್ಲಿ ಬರೆದದ್ದನ್ನು ನಾನು ಅಲ್ಲಿ ಕೂತು ಓದಬಹುದು" ಎಂದವನು ನೀನೇ. ನಂಬಿದೆ. ಫೋನಿನಲ್ಲಿ ನಿನ್ನ ಅಪ್ಪ ಆಲ್ಫೋನ್ಸ್ ಕಂಪ್ರೆಸರಿನ ಕಥೆ ಮುಗಿಸುವಷ್ಟರಲ್ಲಿ ನಿನಗೆ ಡ್ಯೂಟಿಗೆ ಹೊತ್ತಾಗುತ್ತದೆ. ಎಲ್ಲರ ಎದುರು ಬಾ ಬಾ ಎಂದು ಅಂಗಲಾಚುವ ಹೆಂಗಸು ನಾನಲ್ಲ. ಹಾಗಾಗಿ ಪ್ಲಾಂಟಿಗೆ ನಿನ್ನ ಅಪ್ಪನ ಬುತ್ತಿ ಕೊಡಲು ಹೋದಾಗಲೆಲ್ಲ ಆಪರೇಟರ್ ಲೆಸ್ಟರನಿಂದ ಆ ಷರಾದಲ್ಲಿ ಎರಡು ಸಾಲು ಬರೆಸುತ್ತಿದ್ದೆ. ಅಬ್ಬಲಿಗೆ ಹೂ ಬಿಟ್ಟದ್ದು, ನಿನ್ನ ಬೈಕಿನ ಸೀಟಿನ ಮೇಲೆ ಬೆಕ್ಕು ಮರಿ ಹಾಕಿದ್ದು. ಕಡೆಗೆ, ಮರಿಯಮ್ಮನ ಹುಟ್ಟುದಿನಕ್ಕೆ, ಮೊಂತಿ ಹಬ್ಬದ ಹೊಸಕ್ಕಿ ಊಟಕ್ಕೆ ಬರುತ್ತೀಯಾ ಎಂದೂ.

ಉತ್ತರ ಇಲ್ಲ. ಆದರೂ ಮೊನ್ನೆ ಹಬ್ಬಕ್ಕೆ ನಿನ್ನ ಎಲೆ ಹಾಕಿಸಿದೆ. ಸಂಜೆಯೊಳಗೆ ಬಾಡಿತು. ನಿನ್ನ ಫೋನ್ ಬಂದಾಗ ತಲೆನೋವು ಎಂದು ಮಲಗಿದೆ. ಎಂತ ತಲೆನೋವು, ಸಿಟ್ಟು.

ನಿನ್ನೆ ಲೆಸ್ಟರ್ ಹೊಸ ಮೋಟಾರು ಸೇರಿಸಲು ನಿನ್ನ ಸೆಟ್ಟಿಂಗ್ ತೆರೆದವನು ಪೆಚ್ಚಾಗಿ ಕೂತ. "ಜೋವಿನ್ ಇದಕ್ಕೆ ಜರಡಿ ಇಟ್ಟಿದ್ದಾನೆ ಮಾರಾಯ್ರೆ. ಯಂತ್ರ ಕೆಟ್ಟರೆ ಮಾತ್ರ ಸುದ್ದಿ ಹೋಗುತ್ತದೆ. ಎಲ್ಲ ಸರಿ ಉಂಟು ಎನ್ನುವ ಸಾಲನ್ನೆಲ್ಲ ಇಲ್ಲಿಯೇ ಬಿಸಾಡುತ್ತದೆ. ನಿಮ್ಮದು ಒಂದೂ ಹೋಗಲಿಲ್ಲ" ಎಂದ. ಬೈಯಲು ಬಾಯಿ ತೆರೆದೆ, ನಗು ಬಂತು, ಆಮೇಲೆ ಸೆರಗು ಬೇಕಾಯಿತು. ನೀನು ಉತ್ತರ ಕೊಡದೆ ಕೂತದ್ದಲ್ಲ, ನಾನು ಕರೆದದ್ದೇ ನಿನಗೆ ಗೊತ್ತಿಲ್ಲ.

ಹಬ್ಬದ ತೆನೆಯೊಂದನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ. ಕಾಳು ಸುಲಿದು ಹಾಲಿಗೆ ಹಾಕಿ ಕುಡಿ. ಮಾತೆ ಮರಿಯಮ್ಮ ನಿನ್ನ ಬೆನ್ನು ಕಾಯಲಿ.

ಇನ್ನೂ ಸಿಟ್ಟಿಳಿಯದ ಅಜ್ಜಿ,
ಬರ್ತಾ

ವಿ.ಸೂ.: ಈ ಕಾಗದವನ್ನು ಉಡುಪಿಯ ಅಂಚೆಗೆ ಒಯ್ಯುವ ಜೋಕಿಮನ ರಿಕ್ಷಾ ಹಾರ್ನ್ ಹಾಕುತ್ತಾ ಉಂಟು, ಬೇಗ ಹೇಳುತ್ತೇನೆ. ಅಪಾಯ ಎಂಬ ಗುರುತು ಹಾಕಿದರೆ ನನ್ನ ಸಾಲೂ ಹೋಗುತ್ತದಂತೆ. ಬೇಡ ಎಂದೆ ಲೆಸ್ಟರನಿಗೆ. ನನಗೆ ಏನಾದರೂ ಆದ ದಿನ ಮಾತ್ರ ನಿನಗೆ ನನ್ನ ಸುದ್ದಿ ಬರುವುದೆಂತಕ್ಕೆ? ನಾನು ಸುಖವಾಗಿದ್ದೇನೆ ಎನ್ನುವುದೂ ತಲುಪಬೇಕು. ಆ ಜರಡಿಯಲ್ಲಿ ನನ್ನ ಹೆಸರಿಗೆ ಒಂದು ತೂತು ಮಾಡು. ಕ್ರಿಸ್ಮಸ್ಸಿಗೆ ಬರುತ್ತೀಯೋ ಇಲ್ಲವೋ, ಅಕ್ಟೋಬರ್ ಹುಟ್ಟುವ ಮೊದಲು ಬರೆ.