ಬೆರಳು ಕಡಿದುಕೊಂಡ ರೌಡಿ

ಮಸ್ಕಿ
14-7-1991

ದೋಸ್ತ ಚಾಂದ್‌ಪಾಷಾ,

ಹೈದರಾಬಾದಿನಲ್ಲಿ ಅಣ್ಣನ ಮನೆಯಲ್ಲಿ ಆರಾಮಾಗಿದ್ದೀಯ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಸಿಟ್ಟಾಗಬೇಕಾದವನು ನಾನೇ, ಹೋದ ಪತ್ರಕ್ಕೂ ನಿನ್ನ ಉತ್ತರವಿಲ್ಲ. ಕೆಮ್ಮು ತೋರಿಸಿಕೊಂಡು ಬರುತ್ತೇನೆಂದು ಯುಗಾದಿಗೆ ಹೋದವನು, ಮೊಹರಮ್ಮಿನ ಅಲಾಯಿ ಬೆಂಕಿಗೆ ಕುಣಿ ತೋಡುವ ಹೊತ್ತಾದರೂ ಪತ್ತೆಯಿಲ್ಲ.

ನಮ್ಮ ವಿಡಿಯೋ ಅಂಗಡಿಯ ಗತಿ ಕೇಳು. ಸಿಂಧನೂರಿನಿಂದ ಹೊಸ ಕ್ಯಾಸೆಟ್ ತಂದೆ, ಜಪಾನಿ ರೌಡಿಗಳ ಸಿನಿಮಾ. ಡಬ್ಬಿಯ ಮೇಲೆ ಕತ್ತಿ, ಪಿಸ್ತೂಲು, ರಕ್ತ ಎಲ್ಲ ಇತ್ತು. ಹಚ್ಚಿದರೆ, ಸೂಟು ಹಾಕಿದ ಮುದುಕರು ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ, ತಲೆ ಬಾಗಿಸುತ್ತಾರೆ, ಮತ್ತೆ ಚಹಾ ಕುಡಿಯುತ್ತಾರೆ. ಹೊಡೆದಾಟದ ಸುಳಿವಿಲ್ಲ. "ಬೀಗರ ಮಾತುಕತಿ ನಡದೈತೇನ್ಲೇ ಇದು?" ಎಂದು ನೋಡಲು ಬಂದಿದ್ದ ಬಳಗಾನೂರಿನ ಮಂದಿ ಕೂಗಿದರು.

ನೀನಿದ್ದಿದ್ದರೆ ಟೀವಿ ಪಕ್ಕ ಸ್ಟೂಲು ಹತ್ತಿ ನಿಂತು ಕನ್ನಡದಲ್ಲಿ ಕಥೆ ಕಟ್ಟುತ್ತಿದ್ದೆ. ಯಾವ ದೇಶದ ಸಿನಿಮಾ ಆದರೂ ನಿನ್ನ ಬಾಯಲ್ಲಿ ಅದು ಕಾಲುವೆ ನೀರಿನ ಜಗಳ. "ಮ್ಯಾಲಿನವ್ರು ತೂಬು ತಗದಾರ, ಕೆಳಗಿನವ್ರಿಗೆ ಹನಿ ನೀರಿಲ್ಲ, ಈಗ ನೋಡ್ರಿ ಮಜಾ!" ಎಂದರೆ ಸಾಕು, ಜನ ಆ ಚಹಾ ಕುಡಿಯುವುದನ್ನೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ನಾನೇ ಸ್ಟೂಲು ಹತ್ತಿದೆ. ಆಗಲೇ ಒಬ್ಬ ರೌಡಿ ತನ್ನ ಯಜಮಾನನ ಮುಂದೆ ಕೂತು, ಕಿರುಬೆರಳನ್ನು ತಾನೇ ಕಡಿದು ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಬಾಗಿಲಲ್ಲಿ ಮಿರ್ಚಿ ಮಾರುವ ಗದ್ದೆಮ್ಮ ಒಳಗೆ ಬಂದಿದ್ದಳು.

"ಏ ಹೊನ್ನೂರಪ್ಪ, ಯಾಕ ಬಟ್ಟು ಕಡಕೊಂಡಾನ ಅಂವ?"

"ಸಿಟ್ಟು ಬಂದಿರಬೇಕವ್ವ."

"ಸಿಟ್ಟು ಬಂದ್ರ ಮಂದೀದು ಕಡೀತಾರ, ತಮ್ದ ತಾವ ಕಡಕೊಂತಾರೇನು? ಚಾಂದ್‌ಪಾಷಾ ಇದ್ರ ಹೇಳ್ತಿದ್ದ."

ಜನ ನಕ್ಕು ಅರ್ಧಕ್ಕೇ ಎದ್ದು ಹೋದರು. ಗದ್ದೆಮ್ಮ ಕೊನೆತನಕ ಕೂತಳು. ಈಗಲೂ ಹೋಗುವಾಗ ಬರುವಾಗ ಅದನ್ನೇ ಕೇಳುತ್ತಾಳೆ.

ನನಗೆ ಸಾಕಾಗಿದೆ, ಪಾಷಾ. ನೀನು ಬಂದರೆ ನಡೆಸೋಣ, ಇಲ್ಲದಿದ್ದರೆ ಶ್ರಾವಣಕ್ಕೆ ಬಾಗಿಲು ಹಾಕುತ್ತೇನೆ. ಬರುತ್ತೀಯೋ ಇಲ್ಲವೋ, ಒಂದು ಮಾತು ತಿಳಿಸು ಮಾರಾಯ. ನಿನಗೇನು ಬಾಯಿ ಬಿದ್ದುಹೋಗಿದೆಯೇ?

ನಮ್ಮ ಗುಡ್ಡದ ಮಲ್ಲಯ್ಯ, ನಿಮ್ಮ ಅಲ್ಲಾ, ಇಬ್ಬರೂ ನಿನ್ನನ್ನು ಕಾಯಲಿ.

ನಿನ್ನ
ಹೊನ್ನೂರಪ್ಪ

ತಾ.ಕ.: ಇದನ್ನು ಅಂಚೆ ಡಬ್ಬಿಗೆ ಹಾಕಲು ಹೊರಟಾಗ, ನಿನ್ನನ್ನು ನೋಡಿಕೊಂಡು ಬಂದ ನಿನ್ನ ಹೆಂಡತಿ ಜೈನಾಬೀ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅತ್ತುಬಿಟ್ಟಳು. "ಗಂಟ್ಲಾಗ ಗಡ್ಡಿ ಇತ್ತಣ್ಣಾ. ಆಪರೇಷನ್ ಮಾಡ್ಯಾರ. ದನಿ ಹೋಗೈತಿ, ಮತ್ತ ಬರಂಗಿಲ್ಲಂತ. ಹೊನ್ನೂರಪ್ಪಗ ಹೇಳಬ್ಯಾಡ ಅಂತ ಬರದು ತೋರ್ಸ್ಯಾರ."

ಮೇಲೆ ಬೈದದ್ದನ್ನು ಹೊಡೆದುಹಾಕೋಣ ಎಂದುಕೊಂಡೆ. ಹಾಕಲಿಲ್ಲ. ಮೊದಲಿನ ಹಾಗೆಯೇ ಬೈಸಿಕೋ. ದೋಸ್ತ, ಅಂಗಡಿ ಮುಚ್ಚುವುದಿಲ್ಲ, ಆ ಕ್ಯಾಸೆಟ್ಟೂ ಇಲ್ಲೇ ಇದೆ. ಅವನು ಬೆರಳು ಯಾಕೆ ಕಡಿದುಕೊಂಡ ಎಂದು ಬರೆದು ಕಳಿಸು, ಗದ್ದೆಮ್ಮ ಕಾಯುತ್ತಿದ್ದಾಳೆ. ಸ್ಟೂಲು ಹತ್ತಿ ನಾನು ಓದುತ್ತೇನೆ.